ಅವನೇ ಮನಸ್ಸು ಮಾಡಬೇಕೆ?

ಕುಡಿಯುವವನೊಬ್ಬನಿರುವ ಮನೆಗೆ ಬಂದುಹೋಗುವವರೆಲ್ಲ ಒಂದೇ ಮಾತು ಹೇಳುತ್ತಾರೆ: "ಏನ್ ಮಾಡಕ್ಕಾಗತ್ತೆ, ಅವನೇ ಮನಸ್ಸು ಮಾಡಬೇಕು." ಕೇಳಲು ನ್ಯಾಯವಾಗಿಯೇ ಇದೆ. ಆದರೆ ಇದರ ಬೆನ್ನಿಗೆ ಇನ್ನೊಂದು ತೀರ್ಮಾನ ಅಂಟಿಕೊಂಡಿದೆ. ಅವನು ಮನಸ್ಸು ಮಾಡುವ ತನಕ ಹೆಂಡತಿಯಾಗಲಿ ತಾಯಿಯಾಗಲಿ ಅಣ್ಣನಾಗಲಿ ಮಾಡಬಹುದಾದ್ದು ಏನೂ ಇಲ್ಲ ಎಂಬ ತೀರ್ಮಾನ ಅದು. ಮೊದಲನೆಯದು ಅರ್ಧ ನಿಜ. ಎರಡನೆಯದು ಪೂರಾ ತಪ್ಪು.

2025ರ ಜುಲೈಯಲ್ಲಿ ಮುಂಬೈ ಪೊಲೀಸರು ಮೈಸೂರಿನ ರಿಂಗ್ ರಸ್ತೆ ಬದಿಯ ಜಾಗವೊಂದರ ಮೇಲೆ ದಾಳಿ ಮಾಡಿ ಕೋಟಿಗಟ್ಟಲೆ ಬೆಲೆಯ ಮೆಫೆಡ್ರೋನ್ ಎಂಬ ಮಾದಕವಸ್ತು ಹಿಡಿದಾಗ ಊರು ಬೆಚ್ಚಿಬಿತ್ತು. ಬೆಚ್ಚಬೇಕಾದದ್ದೇ. ಆದರೂ ಇಲ್ಲಿನ ಮನೆಗಳನ್ನು ಸದ್ದಿಲ್ಲದೆ ತಿನ್ನುತ್ತಿರುವ ಮಾಲು ಯಾವ ಗುಟ್ಟಿನ ಕಾರ್ಖಾನೆಯಿಂದಲೂ ಬರಬೇಕಿಲ್ಲ. ಸರ್ಕಾರದ ಪರವಾನಗಿ ಇರುವ ಅಂಗಡಿಯಲ್ಲೇ ಸಿಗುತ್ತದೆ. ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮದ್ಯವ್ಯಸನಿಗಳಲ್ಲಿ 38 ಜನರಿಗೆ ಒಬ್ಬರಂತೆ ಯಾವುದೋ ಒಂದು ಬಗೆಯ ಚಿಕಿತ್ಸೆ ಪಡೆದಿದ್ದಾರೆ. ಆಸ್ಪತ್ರೆಗೆ ದಾಖಲಾಗಿ ಚಿಕಿತ್ಸೆ ಪಡೆದವರು 180ಕ್ಕೆ ಒಬ್ಬರು. ಮಿಕ್ಕ 37 ಜನರೂ ಮನಸ್ಸು ಮಾಡದವರೇ ಎಂದರೆ ನಂಬುವುದು ಕಷ್ಟ.

ಈ 'ಮನಸ್ಸು' ಹೇಗೆ ಕೆಲಸ ಮಾಡುತ್ತದೆ ಎಂದು ನೋಡಲು ಅಯ್ಯಪ್ಪ ಮಾಲೆಗಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ. ದಿನಾ ಕ್ವಾರ್ಟರ್ ಇಲ್ಲದೆ ಮನೆ ಸೇರದವನು ಮಾಲೆ ಹಾಕಿದ 41 ದಿನ ಒಂದು ಹನಿ ಮುಟ್ಟುವುದಿಲ್ಲ. ಶಬರಿಮಲೆಯಿಂದ ಬಂದು ಮಾಲೆ ತೆಗೆದ ಸಂಜೆಯೇ ಮತ್ತೆ ಶುರು. "ಬೇಕು ಅಂದ್ರೆ ಬಿಡ್ತಾನೆ, ಎಲ್ಲಾ ಕೊಬ್ಬು" ಎಂದು ಮನೆಯವರು ಲೆಕ್ಕ ಹಾಕುತ್ತಾರೆ. ಆದರೆ ಆ 41 ದಿನ ಅವನ ಸುತ್ತ ಏನೇನಿತ್ತು ನೋಡಿ: ಹೇಳಿದ್ದು ಕೇಳಲೇಬೇಕಾದ ಗುರುಸ್ವಾಮಿ, ನಸುಕಿನ ತಣ್ಣೀರು ಸ್ನಾನ, ಬಾರಿಗೆ ಹೋಗುವ ಹೊತ್ತಿಗೆ ಸರಿಯಾಗಿ ಭಜನೆ, ನಿನ್ನೆಯವರೆಗೆ ಮುಖ ತಿರುಗಿಸುತ್ತಿದ್ದ ಬೀದಿಯವರ ಬಾಯಲ್ಲಿ 'ಸ್ವಾಮಿ' ಎಂಬ ಮರ್ಯಾದೆ, ಕರೆಯಲು ಅಂಜುವ ಕುಡಿತದ ಗೆಳೆಯರು. ಹೆಂಡತಿ ಕೂಡ ಮಡಿಯಿಂದ ಅಡುಗೆ ಮಾಡಿ ಬಡಿಸುತ್ತಾಳೆ. ಮಾಲೆಯ ಜೊತೆಗೆ ಇದಷ್ಟೂ ಒಂದೇ ದಿನ ಕಳಚಿಹೋಗುತ್ತದೆ. ಮನಸ್ಸು ಮಾಡಿದ್ದು ಅವನೇ ಇರಬಹುದು, ಅದನ್ನು 41 ದಿನ ಹಿಡಿದು ನಿಲ್ಲಿಸಿದ್ದು ಇಷ್ಟು ಜನ. (ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿಯುತ್ತ ಬಂದವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು, ಆಮೇಲೆ ಬುದ್ಧಿಭ್ರಮೆಯಾಗಿ ಪ್ರಾಣಕ್ಕೂ ಕುತ್ತಾಗಬಹುದು. ಮಾಲೆಗೆ ಮೊದಲು ವೈದ್ಯರನ್ನು ಕಾಣುವುದು ವ್ರತಭಂಗವೇನಲ್ಲ.)

ಕಾದು ಕಾದು ಸೋತ ಮನೆಯವರು ಹಿಡಿಯುವ ದಾರಿಗಳು ನಮಗೆಲ್ಲ ಗೊತ್ತು. ಬೆಟ್ಟಕ್ಕೆ ಕರೆದೊಯ್ದು ಚಾಮುಂಡಿ ಮುಂದೆ ಆಣೆ ಮಾಡಿಸುತ್ತಾರೆ. ಮುರಿದಾಗ ಕುಡಿತದ ಜೊತೆ ದೇವರ ಭಯವೂ ಸೇರಿ ಅವನು ಇನ್ನಷ್ಟು ಕುಡಿಯುತ್ತಾನೆ. ಇನ್ನೊಂದು, 'ಅವರಿಗೆ ಗೊತ್ತಾಗದಂತೆ ಕುಡಿತ ಬಿಡಿಸಿ' ಎಂದು ಸಾರುವ ಪುಡಿ. ಅದರಲ್ಲಿ ಏನಿದೆ ಎಂಬುದು ಕೊಳ್ಳುವವರಿಗೆ ತಿಳಿಯದು. ಕೆಲವರು ಡೈಸಲ್ಫಿರಾಮ್ ಮಾತ್ರೆಯನ್ನೇ ಕುಟ್ಟಿ ಸಾರಿಗೆ ಬೆರೆಸುತ್ತಾರೆ. 1940ರ ದಶಕದಲ್ಲಿ ಡೆನ್ಮಾರ್ಕಿನಲ್ಲಿ ಬಳಕೆಗೆ ಬಂದ ಈ ಮದ್ದು ದೇಹದಲ್ಲಿ ಮದ್ಯ ಅರಗುವುದನ್ನು ನಡುವೆಯೇ ತಡೆಯುತ್ತದೆ. ಕುಡಿದರೆ ಏನಾಗುತ್ತದೆಂದು ತಿಳಿದು ನುಂಗುವವನಿಗೆ ಅದು ಬೇಲಿ. ತಿಳಿಯದೆ ಉಂಡು ಬಾರಿಗೆ ಹೋದವನಿಗೆ ಎದೆ ಹೊಡೆದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿದು ಜೀವವೇ ಹೋಗಬಹುದು. ಬದುಕಿದರೂ ಮುಂದೆ ಹೆಂಡತಿ ಬಡಿಸಿದ ಅನ್ನವನ್ನು ಅವನು ನಂಬುವುದಿಲ್ಲ.

ಮೂರನೆಯದು ವ್ಯಾನು. ದುಡ್ಡು ಕಟ್ಟಿದರೆ ಮಲಗಿದ್ದವನನ್ನು ಹೊತ್ತೊಯ್ಯಲು ಜನ ಕಳಿಸುವ ಖಾಸಗಿ ಕೇಂದ್ರಗಳಿವೆ. 2025ರಲ್ಲಿ ನೆಲಮಂಗಲದ ಒಂದು ಕೇಂದ್ರದಲ್ಲಿ ದಾಖಲಾಗಿದ್ದವನನ್ನು ದೊಣ್ಣೆಯಿಂದ ಬಡಿಯುವ ವಿಡಿಯೊ ಹೊರಬಂದು ನಾಡೆಲ್ಲ ನೋಡಿತು. ಬಲವಂತದಿಂದ ಸೇರಿಸಿದವರಲ್ಲೂ ಕುಡಿತ ಬಿಟ್ಟವರಿದ್ದಾರೆ, ಅದನ್ನು ಅಲ್ಲಗಳೆಯಲಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಆ ಬಾಗಿಲನ್ನು ಮುಚ್ಚಿಲ್ಲ. ಅದರ 89ನೇ ಕಲಮಿನಂತೆ, ತನ್ನನ್ನು ತಾನು ಕೊಂದುಕೊಳ್ಳಲು ಹೊರಟವನನ್ನೋ, ಇತರರ ಮೇಲೆ ಕೈಮಾಡುವವನನ್ನೋ, ತನ್ನ ಊಟ-ಆರೈಕೆಯ ಪರಿವೆಯೂ ಇಲ್ಲದವನನ್ನೋ ಅವನ ಪ್ರತಿನಿಧಿಯ ಅರ್ಜಿಯ ಮೇಲೆ 30 ದಿನಗಳವರೆಗೆ ದಾಖಲಿಸಿಕೊಳ್ಳಬಹುದು. ಆದರೆ ಒಬ್ಬ ಮನೋವೈದ್ಯರೂ ಇನ್ನೊಬ್ಬ ಮಾನಸಿಕ ಆರೋಗ್ಯ ತಜ್ಞರು ಅಥವಾ ವೈದ್ಯರೂ ಬೇರೆ ಬೇರೆಯಾಗಿ ಪರೀಕ್ಷಿಸಿ ಒಪ್ಪಬೇಕು. ಸರಪಳಿ ಹಾಕುವುದಂತೂ ಅಪರಾಧ. ಕೇಂದ್ರ ನೋಂದಾಯಿತವೇ, ಅಲ್ಲಿ ಮನೋವೈದ್ಯರಿದ್ದಾರೆಯೇ, ಮನೆಯವರು ಬಂದು ನೋಡಬಹುದೇ ಎಂದು ಕೇಳಿ. ಮೂರನೆಯ ಪ್ರಶ್ನೆಗೆ ತಡವರಿಸುವ ಕಡೆ ಯಾರನ್ನೂ ಬಿಟ್ಟುಬರಬಾರದು.

ಹಾಗಾದರೆ ಉಳಿದ ದಾರಿ? ಅವನು ಬರುವುದಿಲ್ಲ ಎಂದರೆ ಮನೆಯವರು ಮೊದಲು ಹೋಗಬೇಕು. ಅಮೆರಿಕದಲ್ಲಿ ವಿಲಿಯಂ ಮಿಲ್ಲರ್, ರಾಬರ್ಟ್ ಮೇಯರ್ಸ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಚಿಕಿತ್ಸೆಗೆ ಒಲ್ಲೆನೆನ್ನುವ ಕುಡುಕರ 130 ಮನೆಯವರನ್ನು ಮೂರು ಗುಂಪು ಮಾಡಿದರು. ತಮ್ಮ ನೆಮ್ಮದಿಯನ್ನಷ್ಟೇ ನೋಡಿಕೊಳ್ಳಿ ಎಂದು ಹೇಳಿಕೊಟ್ಟ ಗುಂಪಿನಲ್ಲಿ ಶೇ. 13ರಷ್ಟು ಕುಡುಕರು ಚಿಕಿತ್ಸೆಗೆ ಬಂದರು. ಎಲ್ಲರೂ ಸೇರಿ ಅವನನ್ನು ಕೂರಿಸಿಕೊಂಡು ಪಂಚಾಯಿತಿ ಮಾಡುವ ಪದ್ಧತಿಯಲ್ಲಿ ಶೇ. 30, ಅಲ್ಲಿ ಹೆಚ್ಚಿನ ಮನೆಯವರಿಗೆ ಪಂಚಾಯಿತಿ ಸೇರಿಸುವ ಧೈರ್ಯವೇ ಬರಲಿಲ್ಲ. ದಿನನಿತ್ಯ ಹೇಗೆ ನಡೆದುಕೊಳ್ಳಬೇಕೆಂದು ಮನೆಯವರಿಗೆ ತರಬೇತಿ ಕೊಟ್ಟ ಮೂರನೆಯ ಗುಂಪಿನಲ್ಲಿ ಶೇ. 64.

ಆ ತರಬೇತಿಯಲ್ಲಿ ಮಂತ್ರವೇನಿಲ್ಲ. ಕುಡಿದು ಬಂದ ರಾತ್ರಿ ಜಗಳ ಬೇಡ, ಮಾತೂ ಬೇಡ. ಕುಡಿಯದೆ ಬಂದ ಸಂಜೆ ಜೊತೆಗೆ ಕೂತು ಊಟ ಮಾಡಿ. "ಇವತ್ತೇನು ಸೂರ್ಯ ಪಶ್ಚಿಮಕ್ಕೆ ಹುಟ್ಟಿದ್ದಾನಾ" ಎಂದು ಚುಚ್ಚಬೇಡಿ. ಕೆಲಸಕ್ಕೆ ಹೋಗದ ದಿನ ಫ್ಯಾಕ್ಟರಿಗೆ ಫೋನ್ ಮಾಡಿ "ಅವರಿಗೆ ಜ್ವರ" ಎನ್ನುವುದನ್ನು ನಿಲ್ಲಿಸಿ. ಬಾರಿನ ಸಾಲ ನೀವು ತೀರಿಸಬೇಡಿ. ಮೇಸ್ತ್ರಿಯ ಬೈಗುಳ, ಕಡಿತವಾದ ಸಂಬಳ, ಮಗಳ ಶಾಲೆಯಲ್ಲಿ ತಲೆತಗ್ಗಿಸಿದ್ದು, ಇವು ಅವನಿಗೆ ತಟ್ಟಿದ ಬೆಳಿಗ್ಗೆ "ಸಾಕಾಗಿದೆ" ಎಂಬ ಮಾತು ಅವನ ಬಾಯಿಂದಲೇ ಬರುತ್ತದೆ. ಅದರ ಆಯಸ್ಸು ಸಂಜೆಯವರೆಗೆ ಮಾತ್ರ. ಯಾವ ಆಸ್ಪತ್ರೆ, ಯಾವ ವೈದ್ಯರು, ಜೊತೆಗೆ ಯಾರು ಎಂಬುದೆಲ್ಲ ಅಷ್ಟರಲ್ಲಿ ಸಿದ್ಧವಿರಬೇಕು.

ಇಲ್ಲೊಂದು ಆಕ್ಷೇಪ ಬರುತ್ತದೆ, ಬರಲೇಬೇಕು. ವರ್ಷಗಟ್ಟಲೆ ಹೊಡೆಸಿಕೊಂಡವಳಿಗೇ ಮತ್ತೆ ನಯವಾಗಿ ಮಾತಾಡು ಎಂದು ಪಾಠ ಹೇಳುವುದು ಯಾವ ನ್ಯಾಯ? ಹೊಡೆತ ಇರುವ ಮನೆಗೆ ಈ ಪಾಠ ಅನ್ವಯಿಸುವುದಿಲ್ಲ. ಅಲ್ಲಿ ಮೊದಲ ಕೆಲಸ ಅವಳೂ ಮಕ್ಕಳೂ ಸುರಕ್ಷಿತ ಜಾಗ ಸೇರುವುದು; 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇರುವುದು ಅದಕ್ಕೇ. ಉಳಿದ ಮನೆಗಳಲ್ಲೂ ಈ ಹೊರೆಯನ್ನು ಹೆಂಡತಿಯೊಬ್ಬಳ ತಲೆಗೆ ಕಟ್ಟುವ ನಮ್ಮ ಅಭ್ಯಾಸ ಕೆಟ್ಟದ್ದು. ಹಬ್ಬಕ್ಕೆ ಬಂದು ಬುದ್ಧಿ ಹೇಳಿ ಹೋಗುವ ಭಾವಮೈದುನರು ಒಂದು ದಿನ ರಜೆ ಹಾಕಿ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಲಿ.

ಮೈಸೂರಿನಲ್ಲಿ ಆ ಸಾಲು ದೂರವೇನಿಲ್ಲ. ಕೆ.ಆರ್. ಆಸ್ಪತ್ರೆಯಲ್ಲೂ ಜೆಎಸ್‌ಎಸ್ ಆಸ್ಪತ್ರೆಯಲ್ಲೂ ಮನೋವೈದ್ಯ ವಿಭಾಗಗಳಿವೆ. ಅಲ್ಲಿಗೆ ಹೋಗಲೂ ಸಂಕೋಚವಾದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಕೇಳಬಹುದು. ವ್ಯಸನದ ವಿಚಾರಕ್ಕೇ ಮೀಸಲಾದ 14446 ಕೂಡ ಇದೆ. ಮಗ ಗಾಂಜಾ ಸೇದುತ್ತಾನೆಂದು ಗೊತ್ತಾದ ತಂದೆತಾಯಿ ಪೊಲೀಸರಿಗೆ ಹೆದರಿ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ. ಆದರೆ ಮಾದಕವಸ್ತು ಕಾಯ್ದೆಯ 64ಎ ಕಲಮು, ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣಗಳಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆಗೆ ಬಂದ ವ್ಯಸನಿಗೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ.

ಚೆನ್ನೈಯಲ್ಲಿ ಶಾಂತಿ ರಂಗನಾಥನ್, ಕುಡಿತಕ್ಕೆ ಗಂಡನನ್ನು ಕಳೆದುಕೊಂಡ ಮೇಲೆ, 1980ರಲ್ಲಿ ಕಟ್ಟಿದ ಟಿಟಿಕೆ ಸಂಸ್ಥೆ ರೋಗಿಯ ಜೊತೆಗೆ ಮನೆಯವರಿಗೂ ಪ್ರತ್ಯೇಕ ಕಾರ್ಯಕ್ರಮ ನಡೆಸುತ್ತದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳ ಬಗ್ಗೆ, ವಾರದಲ್ಲಿ ಏನಾಗುತ್ತದೆ ಎಂದು ಮೂಗುಮುರಿಯುವವರಿದ್ದಾರೆ. ನನಗೆ ಅವುಗಳಲ್ಲಿ ಶಿಬಿರಕ್ಕಿಂತ ಮುಖ್ಯವಾಗಿ ಕಾಣುವುದು ಆಮೇಲಿನ ನವಜೀವನ ಸಮಿತಿ. ಬಿಟ್ಟವರು ಮತ್ತೆ ಮತ್ತೆ ಸೇರುತ್ತಾರೆ. ಮಾಲೆ ತೆಗೆದ ಮೇಲೂ ಗುರುಸ್ವಾಮಿ ಉಳಿದಂತೆ.

ಬಿಟ್ಟವನು ಮೂರು ತಿಂಗಳಿಗೆ ಮತ್ತೆ ಕುಡಿದರೆ ಮನೆಯವರು "ದುಡ್ಡು ದಂಡ" ಎಂದು ಕೈಚೆಲ್ಲುತ್ತಾರೆ. ಸಕ್ಕರೆ ಕಾಯಿಲೆಯವನ ಸಕ್ಕರೆ ಏರಿದರೆ ಯಾರೂ ಹಾಗೆ ಹೇಳುವುದಿಲ್ಲ, ಮತ್ತೆ ಡಾಕ್ಟರ ಹತ್ತಿರ ಕಳಿಸುತ್ತಾರೆ. ಹಾಗಾಗಿ ಆಸ್ಪತ್ರೆಯಿಂದ ಮನೆಗೆ ಕರೆದುಕೊಂಡು ಬರುವ ದಿನವೇ ಕೇಳಿಕೊಳ್ಳಬೇಕು: ಮುಂದಿನ ಭೇಟಿ ಯಾವತ್ತು, ಮಾತ್ರೆಯನ್ನು ದಿನಾ ಯಾರ ಎದುರು ನುಂಗಬೇಕು, ಮತ್ತೆ ಕುಡಿದರೆ ಮಾರನೆಯ ಬೆಳಿಗ್ಗೆ ಯಾರಿಗೆ ಫೋನ್ ಮಾಡಬೇಕು.