ದೊಡ್ಡ ಗುಂಡಿನ ಸುಳ್ಳು

ಬೇಟೆಯ ಬಂದೂಕಿನ ಬಗ್ಗೆ ಮಾತಾಡುವವರು ಪ್ರಪಂಚದ ಯಾವ ಮೂಲೆಯಲ್ಲಿ ಸೇರಿದರೂ ಒಂದು ಜಗಳ ತಪ್ಪುವುದಿಲ್ಲ. ಜಿಂಕೆಗೆ ಯಾವ ಕ್ಯಾಲಿಬರ್ ಬೇಕು, ಅದಕ್ಕಿಂತ ದೊಡ್ಡ ಪ್ರಾಣಿಗೆ ಯಾವುದು? ಕ್ಯಾಲಿಬರ್ ಅಂದರೆ ನಳಿಗೆಯ ಒಳ ಅಳತೆ, ಹೆಚ್ಚುಕಡಿಮೆ ಗುಂಡಿನ ದಪ್ಪ. .243 ಸಾಕು ಅನ್ನುತ್ತಾನೆ ಒಬ್ಬ. .308 ಇಲ್ಲದೆ ಕಾಡಿಗೆ ಕಾಲಿಡಬೇಡ ಅನ್ನುತ್ತಾನೆ ಇನ್ನೊಬ್ಬ. ಮೂರನೆಯವನು .300 ಮ್ಯಾಗ್ನಮ್ ಎತ್ತಿ ತೋರಿಸಿ, ಇದರ ಮುಂದೆ ನಿಮ್ಮದೆಲ್ಲ ಆಟಿಕೆ ಅನ್ನುತ್ತಾನೆ. ಇಂಥ ಮಾತಿನಲ್ಲಿ ಸಾಮಾನ್ಯವಾಗಿ ಗೆಲ್ಲುವುದು ಈ ಮೂರನೆಯವನೇ, ಯಾಕೆಂದರೆ ಅವನ ಮಾತಿಗೆ ಕರುಣೆಯ ಬಣ್ಣವೂ ಇರುತ್ತದೆ: ದೊಡ್ಡ ಗುಂಡು ಹೊಡೆದರೆ ಪ್ರಾಣಿ ನರಳುವುದಿಲ್ಲ, ಬಿದ್ದಲ್ಲೇ ಸಾಯುತ್ತದೆ.

ಇದು ಸುಳ್ಳು. ಗುರಿ ತಪ್ಪುವವನು ಮೊದಲೇ ಬರೆದಿಟ್ಟುಕೊಳ್ಳುವ ಕ್ಷಮಾಪಣೆ. ಅದರ ಬೆಲೆ ತೆರುವುದು ಮಾತ್ರ ಪ್ರಾಣಿ.

ಬೇಟೆಯೇ ನಿಷಿದ್ಧವಾದ ನಾಡಿನಲ್ಲಿ ಈ ಚರ್ಚೆ ಯಾಕೆ ಎಂದು ನೀವು ಕೇಳಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ನಮ್ಮಲ್ಲಿ ಜಿಂಕೆ, ಕಡವೆ ಹೊಡೆಯುವುದು ಅಪರಾಧ. ಅದು ಹಾಗೇ ಇರಬೇಕು. ಆದರೆ ನಾವು ಬೇಟೆಯ ಕಥೆ ಓದುವುದನ್ನು ಬಿಟ್ಟಿಲ್ಲ. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಮತ್ತು ಜಿಮ್ ಕಾರ್ಬೆಟ್ ಇವತ್ತಿಗೂ ನಮ್ಮ ವಿದ್ಯಾರ್ಥಿಗಳ ಕೈಯಲ್ಲಿದ್ದಾರೆ. ಆಂಡರ್ಸನ್‌ನ .405 ವಿಂಚೆಸ್ಟರ್, ಕಾರ್ಬೆಟ್‌ನ .275 ರಿಗ್ಬಿ ನಮಗೆ ಪಾತ್ರಗಳಷ್ಟೇ ಪರಿಚಿತ. ಆ ಅಂಕಿಗಳನ್ನು ನಾವು ವೀರರ ಬಿರುದುಗಳ ಹಾಗೆ ಓದುತ್ತೇವೆ. ಅವು ನಿಜವಾಗಿ ಏನು ಹೇಳುತ್ತವೆ, ಏನು ಹೇಳುವುದಿಲ್ಲ ಎಂದು ಕೇಳುವುದಿಲ್ಲ.

ಮೊದಲು ಲೆಕ್ಕ ನೋಡೋಣ. .308ರಲ್ಲಿ ಬಳಸುವ ಒಂದು ಸಾಮಾನ್ಯ ಗುಂಡಿನ ತೂಕ 9.7 ಗ್ರಾಂ. ಅದು ನಳಿಗೆ ಬಿಡುವಾಗ ಸೆಕೆಂಡಿಗೆ ಸುಮಾರು 860 ಮೀಟರ್ ವೇಗದಲ್ಲಿರುತ್ತದೆ. ತೂಕವನ್ನೂ ವೇಗವನ್ನೂ ಗುಣಿಸಿ, ಆ ಇಡೀ ತಳ್ಳುವಿಕೆ 60 ಕಿಲೋ ತೂಗುವ ಜಿಂಕೆಗೆ ಸಿಕ್ಕಿತು ಅಂತಿಟ್ಟುಕೊಳ್ಳಿ. ಜಿಂಕೆ ಸೆಕೆಂಡಿಗೆ ಸುಮಾರು 14 ಸೆಂಟಿಮೀಟರ್ ವೇಗದಲ್ಲಿ ಸರಿದೀತು. ನಾವು ಆರಾಮಾಗಿ ನಡೆಯುವ ವೇಗದ ಹತ್ತನೆಯ ಒಂದು ಪಾಲು. ಮ್ಯಾಗ್ನಮ್ ತಂದರೆ ಅದು 17 ಅಥವಾ 18 ಆಗುತ್ತದೆ, ಅಷ್ಟೆ. ಗುಂಡಿನ ಹೊಡೆತಕ್ಕೆ ಪ್ರಾಣಿ ಹಾರಿ ಬೀಳುವುದು ಸಿನಿಮಾದಲ್ಲಿ. ಹಾಗೆ ಕೆಡವುವ ಬಲ ಗುಂಡಿಗಿದ್ದಿದ್ದರೆ, ಬಂದೂಕಿನ ಹಿಂದೆ ನಿಂತವನೂ ಅಷ್ಟೇ ಬಲದಿಂದ ಹಿಂದಕ್ಕೆ ಬೀಳಬೇಕಿತ್ತು.

ಹಾಗಾದರೆ ಪ್ರಾಣಿ ಸಾಯುವುದು ಹೇಗೆ? ಮಿದುಳಿಗೋ ಬೆನ್ನುಹುರಿಗೋ ಪೆಟ್ಟು ಬಿದ್ದರೆ ನಿಂತಲ್ಲೇ ಕುಸಿಯುತ್ತದೆ. ಅದಿಲ್ಲದಿದ್ದರೆ ಹೃದಯ, ಶ್ವಾಸಕೋಶ ಹರಿದು ಮಿದುಳಿಗೆ ರಕ್ತ ನಿಲ್ಲಬೇಕು. ಸರಿಯಾಗಿ ಬಿದ್ದ ಗುಂಡಿಗೂ ಜಿಂಕೆ ಕೆಲವು ಸೆಕೆಂಡು ಓಡಿಯೇ ಬೀಳುವುದುಂಟು. ಈ ಗುರಿಯ ಜಾಗ ಒಂದು ಸಣ್ಣ ತಟ್ಟೆಯಷ್ಟು. .243ರ ಗುಂಡಿನ ದಪ್ಪ 6.2 ಮಿಲಿಮೀಟರ್, .308ರದ್ದು 7.8. ವ್ಯತ್ಯಾಸ 1.6 ಮಿಲಿಮೀಟರ್. ಗುರಿ ಒಂದು ಗೇಣು ಹಿಂದಕ್ಕೆ ತಪ್ಪಿ ಗುಂಡು ಹೊಟ್ಟೆಗೆ ಬಿದ್ದರೆ, ಈ ಒಂದೂವರೆ ಮಿಲಿಮೀಟರ್ ಏನನ್ನು ಉಳಿಸುತ್ತದೆ? ಹೊಟ್ಟೆಗೆ ಗುಂಡು ಬಿದ್ದ ಜಿಂಕೆ ಗಂಟೆಗಟ್ಟಲೆ ಬದುಕಿರುತ್ತದೆ. ಹಳುವಿನೊಳಗೆ ನುಗ್ಗಿ, ಯಾರಿಗೂ ಕಾಣದ ಕಡೆ ಮಲಗಿ ಸಾಯುತ್ತದೆ.

ಇನ್ನೊಂದು ತಮಾಷೆ. .30-06, .308, .300 ವಿಂಚೆಸ್ಟರ್ ಮ್ಯಾಗ್ನಮ್ ಈ ಮೂರರ ಗುಂಡಿನ ದಪ್ಪವೂ ಒಂದೇ, ಇಂಚಿನ 308 ಸಾವಿರಾಂಶ. ಮ್ಯಾಗ್ನಮ್‌ನಲ್ಲಿ ಹೆಚ್ಚಿರುವುದು ಮದ್ದು. ಆ ಮದ್ದಿನಿಂದ ಗುಂಡು ದೂರದವರೆಗೂ ಹೆಚ್ಚು ಬಾಗದೆ ಹೋಗುತ್ತದೆ, ನಿಜ. ಅಂದರೆ ಹತ್ತಿರ ಹೋಗುವ ತಾಳ್ಮೆ ಇಲ್ಲದವನಿಗೆ ಅದು ದೂರವನ್ನು ಮಾರುತ್ತದೆ. ಜೊತೆಗೆ ಭುಜಕ್ಕೆ ಒದೆತವನ್ನೂ ಕೊಡುತ್ತದೆ, ಅಷ್ಟೇ ತೂಕದ.243 ರೈಫಲ್ಲಿಗಿಂತ ಎರಡು ಪಟ್ಟಿಗೂ ಹೆಚ್ಚು. ಒದೆತಕ್ಕೆ ಹೆದರಿದ ಭುಜ ಟ್ರಿಗರ್ ಎಳೆಯುವ ಮೊದಲೇ ಬಿಗಿಯುತ್ತದೆ, ಕಣ್ಣು ಮುಚ್ಚುತ್ತದೆ, ನಳಿಗೆ ಅಲುಗುತ್ತದೆ. ಅಭ್ಯಾಸವೂ ಕಡಿಮೆಯಾಗುತ್ತದೆ: ಒದೆಯುವ ಬಂದೂಕಿನಲ್ಲಿ ದಿನಕ್ಕೆ ಐವತ್ತು ಗುಂಡು ಹಾರಿಸಿ ಕಲಿಯುವ ಉತ್ಸಾಹ ಯಾರಿಗಿರುತ್ತದೆ? ಹೀಗೆ ಕರುಣೆಯ ಹೆಸರಿನಲ್ಲಿ ಕೊಂಡ ಬಂದೂಕು ಗಾಯಗೊಳಿಸುವ ಬಂದೂಕಾಗುತ್ತದೆ.

ಇಲ್ಲಿ ಎದುರು ಗುಂಪಿನವರು ಖುಷಿಯಿಂದ ಬೆಲ್‌ನ ಹೆಸರು ತೆಗೆಯುತ್ತಾರೆ. ಸ್ಕಾಟ್ಲೆಂಡಿನ ಡಬ್ಲ್ಯು. ಡಿ. ಎಂ. ಬೆಲ್ ಆಫ್ರಿಕಾದಲ್ಲಿ ಸಾವಿರಕ್ಕೂ ಹೆಚ್ಚು ಆನೆಗಳನ್ನು ಕೊಂದವನು, ಅವುಗಳಲ್ಲಿ ಬಹುಪಾಲನ್ನು 7 ಮಿಲಿಮೀಟರಿನ .275 ರಿಗ್ಬಿಯಿಂದ. ಆನೆಯೇ ಬಿದ್ದ ಮೇಲೆ ಜಿಂಕೆಗೆ ಎಷ್ಟು ಸಣ್ಣದಾದರೂ ನಡೆಯುತ್ತದೆ ಎಂಬುದು ಇವರ ತರ್ಕ. ಇದೂ ಅರ್ಧ ಸುಳ್ಳು. ಬೆಲ್ ಆನೆಯ ತಲೆಬುರುಡೆಯನ್ನು ಸೀಳಿ ಮಿದುಳು ಎಲ್ಲಿದೆ ಎಂದು ಕಲಿತವನು. ಅವನು ಬಳಸಿದ್ದು ಮೂಳೆಯೊಳಗೆ ಬಾಗದೆ ನೇರ ಹೋಗುವ ಗಟ್ಟಿ ಕವಚದ ಗುಂಡು. ದಂತದ ವ್ಯಾಪಾರಕ್ಕಾಗಿ ಅಷ್ಟು ಆನೆ ಕೊಂದವನನ್ನು ಆದರ್ಶ ಎನ್ನಲು ನಾನು ತಯಾರಿಲ್ಲ. ಆದರೆ ಅವನಿಂದ ಕಲಿಯಬೇಕಾದ ಪಾಠ ಸಣ್ಣ ಗುಂಡಿನದಲ್ಲ, ಪ್ರಾಣಿಯ ದೇಹವನ್ನು ತಿಳಿಯುವ ಶ್ರಮದ್ದು. ಆ ಶ್ರಮವಿಲ್ಲದೆ ಅವನ ಅಂಕಿಯನ್ನು ಮಾತ್ರ ಎತ್ತಿಕೊಳ್ಳುವವರು ಮ್ಯಾಗ್ನಮ್ ಭಕ್ತರ ಅಣ್ಣತಮ್ಮಂದಿರೇ.

ಆದ್ದರಿಂದ ಕೆಳಗಿನ ಮಿತಿ ಒಂದು ಬೇಕು. ಬೇಟೆ ಕಾನೂನುಬದ್ಧವಾಗಿರುವ ದೇಶಗಳು ಅದನ್ನು ಬರೆದಿಟ್ಟಿವೆ. ಜರ್ಮನಿಯಲ್ಲಿ ಪುಟ್ಟ ರೋ ಜಿಂಕೆಗೆ 100 ಮೀಟರ್ ದೂರದಲ್ಲಿ ಗುಂಡಿಗೆ ಕನಿಷ್ಠ 1000 ಜೌಲ್ ಶಕ್ತಿ ಉಳಿದಿರಬೇಕು; ದೊಡ್ಡ ಜಾತಿಯ ಜಿಂಕೆಗೆ 2000 ಜೌಲ್, ಜೊತೆಗೆ 6.5 ಮಿಲಿಮೀಟರಿಗೆ ಕಡಿಮೆಯಿಲ್ಲದ ಕ್ಯಾಲಿಬರ್. ಇಂಗ್ಲೆಂಡಿನ 1991ರ ಜಿಂಕೆ ಕಾಯಿದೆ ದೊಡ್ಡ ಜಿಂಕೆಗಳಿಗೆ ಇಂಚಿನ 240 ಸಾವಿರಾಂಶವನ್ನು ಕನಿಷ್ಠ ಎನ್ನುತ್ತದೆ. ಹಾಗಾಗಿ .243 ಹಿಡಿದವನು ಇಂಗ್ಲೆಂಡಿನಲ್ಲಿ ರೆಡ್ ಡಿಯರ್ ಹೊಡೆಯಬಹುದು, ಜರ್ಮನಿಯಲ್ಲಿ ಹೊಡೆದರೆ ಅಪರಾಧಿ. ಗಡಿ ದಾಟಿದರೆ ಜಿಂಕೆಯ ಎದೆ ದಪ್ಪವಾಗುವುದಿಲ್ಲ. ಅಂಕಿ ಒಂದು ಒಪ್ಪಂದ, ಅಷ್ಟೆ. ಗಮನಿಸಬೇಕಾದದ್ದು ಬೇರೆ: ಈ ಎರಡೂ ದೇಶ ಮ್ಯಾಗ್ನಮ್ ಕೇಳಿಲ್ಲ. ನಾರ್ವೆ, ಸ್ವೀಡನ್‌ಗಳಲ್ಲಿ 400 ಕಿಲೋ ದಾಟುವ ಮೂಸ್‌ಗಳನ್ನು ತಲೆಮಾರುಗಳಿಂದ ಹೊಡೆಯುತ್ತ ಬಂದಿರುವುದರಲ್ಲಿ 1894ರಷ್ಟು ಹಳೆಯ 6.5×55 ತೋಟಾದ ಪಾಲು ದೊಡ್ಡದು. ಆದರೆ ನಾರ್ವೆಯಲ್ಲಿ ದೊಡ್ಡ ಪ್ರಾಣಿಯ ಬೇಟೆಗೆ ಹೋಗುವವನು ಪ್ರತಿ ವರ್ಷ ಗುರಿಯ ಪರೀಕ್ಷೆ ಪಾಸು ಮಾಡಬೇಕು. ಗಾಯಗೊಂಡ ಪ್ರಾಣಿಯನ್ನು ಹುಡುಕಬಲ್ಲ ತರಬೇತಾದ ನಾಯಿಯ ಏರ್ಪಾಡೂ ಇರಬೇಕು. ಬಂದೂಕನ್ನು ಅಳೆದರೆ ಸಾಲದು, ಹಿಡಿದವನನ್ನೂ ಅಳೆಯಬೇಕು ಎಂಬ ವಿವೇಕ ಇದು.

ನಾವು ಪೂಜಿಸುವ ಈ ಅಂಕಿಗಳು ಎಲ್ಲಿಂದ ಬಂದವು ಎಂದು ಕೇಳಿದರೆ ಇನ್ನೂ ಮುಜುಗರ. 7×57, 6.5×55, .30-06 ಎಲ್ಲವೂ ಸೈನ್ಯಕ್ಕಾಗಿ, ಅಂದರೆ ಮನುಷ್ಯನನ್ನು ಹೊಡೆಯಲು ಹುಟ್ಟಿದ ಅಳತೆಗಳು. ಭಾರತದ ಕಥೆಯಲ್ಲಂತೂ ಜಿಂಕೆಗೆ ಜಾಗವೇ ಇರಲಿಲ್ಲ. ಸೈನ್ಯದ ಗುಂಡು ಬಂಡುಕೋರರ ಕೈಸೇರೀತು ಎಂಬ ಹೆದರಿಕೆಯಿಂದ ಬ್ರಿಟಿಷ್ ಸರ್ಕಾರ ಇಲ್ಲಿ .450 ಅಳತೆಯನ್ನು ನಿಷೇಧಿಸಿತು. ಲಂಡನ್ನಿನ ಬಂದೂಕು ತಯಾರಕರು ಕೂಡಲೇ .470, .465 ಎಂದು ಹೊಸ ಅಳತೆಗಳನ್ನು ತಂದು ಮಾರಿದರು. .303 ಸಾಮಾನ್ಯ ನಾಗರಿಕನಿಗೆ ನಿಷಿದ್ಧವಾದದ್ದರಿಂದಲೇ ನಮ್ಮ ಆರ್ಡ್‌ನನ್ಸ್ ಕಾರ್ಖಾನೆಯ ರೈಫಲ್ .315 ಆಯಿತು. ಹುಲಿಗೂ ಕಡವೆಗೂ ಯಾವುದು ಸರಿ ಎಂದು ಶಿಕಾರಿ ಪುಸ್ತಕಗಳು ಗಂಭೀರವಾಗಿ ಚರ್ಚಿಸಿದ ಎಷ್ಟೋ ಅಂಕಿಗಳನ್ನು ಆರಿಸಿದ್ದು ಸರ್ಕಾರದ ಭಯ ಮತ್ತು ಅಂಗಡಿಯವನ ಜಾಣತನ.

ಪ್ರಾಣಿಯ ಕಡೆಯಿಂದ ಯೋಚಿಸಿದರೆ ಕ್ಯಾಲಿಬರ್‌ಗಿಂತ ಗುಂಡಿನ ಜಾತಿ ಮುಖ್ಯ. ಕಲ್ಕತ್ತದ ಬಳಿಯ ದಮ್‌ದಮ್ ಕಾರ್ಖಾನೆ, ದೇಹ ಹೊಕ್ಕೊಡನೆ ಅರಳಿ ಅಗಲವಾಗುವ ಗುಂಡಿಗೆ ತನ್ನ ಹೆಸರನ್ನೇ ಕೊಟ್ಟಿತು. 1899ರಲ್ಲಿ ಹೇಗ್‌ನಲ್ಲಿ ಸೇರಿದ ದೇಶಗಳು ಯುದ್ಧದಲ್ಲಿ ಅಂಥ ಗುಂಡು ಕ್ರೂರ ಎಂದು ಘೋಷಿಸಿದವು. ಇಂಗ್ಲೆಂಡ್, ಸ್ಕಾಟ್ಲೆಂಡಿನ ಕಾನೂನು ಜಿಂಕೆಗೆ ಕಡ್ಡಾಯ ಮಾಡಿರುವುದು ಅಂಥದ್ದೇ ಗುಂಡನ್ನು. ಇದು ವಿರೋಧಾಭಾಸವಲ್ಲ. ಗಾಯಗೊಂಡ ಸೈನಿಕನಿಗೆ ಆಸ್ಪತ್ರೆಯಿದೆ, ಅವನು ಬದುಕಲಿ ಎಂಬ ಆಸೆಯಿದೆ. ಗಾಯಗೊಂಡ ಜಿಂಕೆಗೆ ಏನೂ ಇಲ್ಲ. ಅದಕ್ಕೆ ಸಿಗಬಹುದಾದ ಒಂದೇ ದಯೆ ಬೇಗ ಸಾಯುವುದು. ಎರಡೂ ಶ್ವಾಸಕೋಶ ದಾಟುವ, ಒಳಗೆ ಅರಳುವ ಗುಂಡನ್ನು 6.5ರಲ್ಲಿ ಹಾರಿಸಿದರೂ ಸಾಕು. ಅರಳದ ಗುಂಡನ್ನು .300ರಲ್ಲಿ ಹಾರಿಸಿದರೂ ಅದು ಸಣ್ಣ ತೂತು ಮಾಡಿ ಆಚೆ ಹೋದೀತು.

ನಮ್ಮ ಮಲೆನಾಡಿಗೆ ಬಂದರೆ ಪರಿಸ್ಥಿತಿ ಇನ್ನೂ ಕೆಟ್ಟದ್ದು. ಇಲ್ಲಿ ಕದ್ದು ಮಾಡುವ ಬೇಟೆ ನಡೆಯುವುದು ಕೇಪಿನ ಕೋವಿಯಲ್ಲಿ, ಎಲ್‌ಜಿ, ಎಸ್‌ಜಿ ಚರೆಯ ತೋಟಾಗಳಲ್ಲಿ, ರಾತ್ರಿ, ಟಾರ್ಚಿನ ಬೆಳಕಿನಲ್ಲಿ. ಚರೆ ದೂರ ಹೋದಷ್ಟೂ ಚದುರುತ್ತದೆ. ಎರಡು ಕಾಳು ತೊಡೆಗೆ, ಒಂದು ದವಡೆಗೆ ಬಿದ್ದು ಪ್ರಾಣಿ ಕತ್ತಲಲ್ಲಿ ಮಾಯವಾಗುತ್ತದೆ. ಮರುದಿನ ಕತೆಯಾಗುವುದು ಬಿದ್ದ ಕಡವೆ. ಓಡಿಹೋದದ್ದನ್ನು ಯಾರೂ ಕತೆ ಮಾಡುವುದಿಲ್ಲ.

ಕಾರ್ಬೆಟ್ ಮಾಡಿದ. 1907ರಲ್ಲಿ ಅವನು ಕೊಂದ ಚಂಪಾವತದ ಹೆಣ್ಣುಹುಲಿ 436 ಜನರನ್ನು ತಿಂದದ್ದು ಎಂದು ದಾಖಲೆ. ಅದರ ಬಲಗಡೆಯ ಕೋರೆಹಲ್ಲುಗಳು ಮುರಿದಿದ್ದವು, ಹಿಂದೆ ಯಾರೋ ಹಾರಿಸಿದ ಗುಂಡಿನಿಂದ. ಕಾಡುಪ್ರಾಣಿ ಹಿಡಿಯಲಾಗದೆ ಅದು ಮನುಷ್ಯರ ಕಡೆ ತಿರುಗಿತು ಎಂಬುದು ಅವನ ತೀರ್ಮಾನ. ಆ ಹಳೆಯ ಗುಂಡಿನ ಕ್ಯಾಲಿಬರ್ ಯಾವುದೋ, ಹಾರಿಸಿದವನು ಯಾರೋ, ಯಾವ ಪುಸ್ತಕದಲ್ಲೂ ಇಲ್ಲ. ಅವನು ಮನೆಗೆ ಹೋಗಿ ಊಟ ಮಾಡಿ ಮಲಗಿರಬೇಕು.

ಕೊಲ್ಲುವುದೇ ತಪ್ಪಾದ ಮೇಲೆ ಚೆನ್ನಾಗಿ ಕೊಲ್ಲುವ ಮಾತು ಬೂಟಾಟಿಕೆ ಎನ್ನುವವರಿದ್ದಾರೆ. ಅವರ ಮೇಲೆ ನನಗೆ ಗೌರವವಿದೆ, ಒಪ್ಪಿಗೆಯಿಲ್ಲ. ಸ್ಕಾಟ್ಲೆಂಡಿನಲ್ಲಿ ತೋಳಗಳು ನಿರ್ನಾಮವಾಗಿ ಶತಮಾನಗಳು ಕಳೆದಿವೆ. ಅಲ್ಲಿ ಜಿಂಕೆಗಳ ಸಂಖ್ಯೆಯನ್ನು ಬಂದೂಕೇ ತಗ್ಗಿಸಬೇಕಾಗಿದೆ. ಅಂಥ ಕಡೆ ಕೊಲ್ಲಬೇಕೇ ಎಂಬ ಪ್ರಶ್ನೆ ಮುಗಿದು ಹೇಗೆ ಎಂಬುದಷ್ಟೇ ಉಳಿದಿರುತ್ತದೆ. ಬೇಟೆಯನ್ನು ಪೂರ್ತಿ ವಿರೋಧಿಸುವವನಿಗೂ ಹತ್ತು ಸೆಕೆಂಡಿನ ಸಾವು ಮತ್ತು ಎರಡು ದಿನದ ಸಾವು ಒಂದೇ ಆಗಬಾರದು.

ಹಾಗಾಗಿ ಯಾವ ಕ್ಯಾಲಿಬರ್ ಎಂದು ಕೇಳುವವನಿಗೆ ಉತ್ತರ ಹೀಗಿರಬೇಕು: ಕಾನೂನು ಹೇಳಿದ ಕನಿಷ್ಠಕ್ಕಿಂತ ಕೆಳಗಿಳಿಯಬೇಡ. ನಿನ್ನ ಭುಜ ಹೆದರದೆ ತಾಳುವ ಮಿತಿಗಿಂತ ಮೇಲೆ ಹೋಗಬೇಡ. ಅರಳುವ ಗುಂಡು ತಗೋ. ಉಳಿದದ್ದನ್ನೆಲ್ಲ ಹತ್ತಿರ ಹೋಗಿ ಸಂಪಾದಿಸು. ಎದೆ ಸರಿಯಾಗಿ ಕಾಣದಿದ್ದರೆ ಬಂದೂಕು ಇಳಿಸಿ ಮನೆಗೆ ಹೋಗು. ಈ ಕೊನೆಯ ಮಾತು ಯಾವ ಮ್ಯಾಗ್ನಮ್ ಡಬ್ಬಿಯ ಮೇಲೂ ಅಚ್ಚಾಗುವುದಿಲ್ಲ, ಯಾಕೆಂದರೆ ಅದರಿಂದ ಏನೂ ಮಾರಾಟವಾಗುವುದಿಲ್ಲ.