ಬಣ್ಣದ ಬೆಳಕಿಗೆ ಶಾಖ ತಗ್ಗದು

ಚನ್ನಗಿರಿ ತಾಲ್ಲೂಕಿನ ನಲ್ಲೂರಿನ ಸುತ್ತಮುತ್ತ ಅಡಿಕೆಯ ಆದಾಯದಿಂದ ಮಕ್ಕಳಿಗೆ ಕಂಪ್ಯೂಟರ್ ಕೊಡಿಸುವ ಮನೆಗಳು ಇಂದು ಅಪರೂಪವಲ್ಲ. ಅಂಗಡಿಯಲ್ಲಿ ಕಣ್ಣು ಸೆಳೆಯುವುದು ಬಣ್ಣಬಣ್ಣವಾಗಿ ಮಿನುಗುವ ಪ್ರೊಸೆಸರ್ ಕೂಲರ್. ಅದು ಯಂತ್ರವನ್ನು ತಣಿಸುವುದೇ ಎಂಬ ಪ್ರಶ್ನೆ ಮಾತ್ರ ಆ ಬೆಳಕಿನಲ್ಲಿ ಮರೆಯಾಗುತ್ತದೆ.

ಕೂಲರಿನ ಕೆಲಸ ಸರಳವಾದುದು. ತಾಮ್ರದ ಕೊಳವೆಗಳು ಪ್ರೊಸೆಸರಿನ ಶಾಖವನ್ನು ಅಲ್ಯೂಮಿನಿಯಂ ರೆಕ್ಕೆಗಳಿಗೆ ಒಯ್ಯುತ್ತವೆ. ಫ್ಯಾನಿನ ಗಾಳಿ ಅದನ್ನು ಹೊರದೂಡುತ್ತದೆ. ದೀಪಕ್ಕೆ ಇಲ್ಲಿ ಯಾವ ಪಾತ್ರವೂ ಇಲ್ಲ. ಗಾಳಿಯಿಂದ ತಣಿಸುವ ಕೂಲರು ಪ್ರೊಸೆಸರನ್ನು ಕೋಣೆಯ ಉಷ್ಣತೆಗಿಂತ ಕೆಳಗೆ ಇಳಿಸಲಾರದು. ಆದ್ದರಿಂದ 22 ಡಿಗ್ರಿಯ ಹವಾನಿಯಂತ್ರಿತ ಕೋಣೆಯಲ್ಲಿ 75 ಡಿಗ್ರಿ ತೋರಿದ ಪ್ರೊಸೆಸರ್, 35 ಡಿಗ್ರಿಯ ಕೋಣೆಯಲ್ಲಿ ಅದೇ ಕೆಲಸಕ್ಕೆ 88ರ ಸಮೀಪ ಏರುತ್ತದೆ. ಮಿತಿ ಮುಟ್ಟಿದಾಗ ತನ್ನ ವೇಗವನ್ನೇ ತಗ್ಗಿಸಿಕೊಳ್ಳುತ್ತದೆ. ಅಡಿಕೆ ಸುಲಿಯುವ ಕಾಲದ ಧೂಳು ರೆಕ್ಕೆಗಳ ನಡುವೆ ಕುಳಿತರೆ ಗಾಳಿಯ ಹಾದಿಯೇ ಕಟ್ಟುತ್ತದೆ. ನಗರದ ತಂಪು ಕೋಣೆಯ ಪರೀಕ್ಷೆ ನಲ್ಲೂರಿನ ಮನೆಗೆ ಪ್ರಮಾಣವಾಗುವುದು ಹೇಗೆ?

ದೀಪ ಕುಡಿಯುವುದು ಮೂರು ವಾಟ್ ಮಾತ್ರ ಎಂದು ವಾದಿಸಬಹುದು. ದಿನಕ್ಕೆ ಹತ್ತು ಗಂಟೆ ಉರಿದರೆ ವರ್ಷಕ್ಕೆ ಸುಮಾರು 11 ಯೂನಿಟ್. ಒಂದು ಮನೆಗೆ ಇದು ಅಲ್ಪ. ಲಕ್ಷ ಯಂತ್ರಗಳಿಗೆ 11 ಲಕ್ಷ ಯೂನಿಟ್. ವಿದ್ಯುತ್ತು ಆಕಾಶದಿಂದ ಉದುರುವುದಿಲ್ಲ. ರಾಜ್ಯದ ವಿದ್ಯುತ್ ಜಾಲಕ್ಕೆ ಶರಾವತಿಯೂ ದುಡಿಯುತ್ತಿದ್ದಾಳೆ. 1964ರ ಲಿಂಗನಮಕ್ಕಿ ಅಣೆಕಟ್ಟು ಆ ಕಣಿವೆಯ ಊರುಗಳನ್ನು ಮುಳುಗಿಸಿತು. ಆರು ದಶಕ ಕಳೆದರೂ ಅಲ್ಲಿನ ಸಂತ್ರಸ್ತರು ಭೂಮಿಯ ಹಕ್ಕಿಗಾಗಿ ಹೋರಾಡುತ್ತಲೇ ಇದ್ದಾರೆ. ಅವರ ಗದ್ದೆಗಳ ಮೇಲೆ ನಿಂತ ನೀರು ಪೆಟ್ಟಿಗೆಯೊಳಗಿನ ಅಲಂಕಾರಕ್ಕಾಗಿ ಹರಿಯಬೇಕೇ?

ಕಂಪ್ಯೂಟರ್ ಬೇಡವೆಂಬುದು ಇಲ್ಲಿನ ವಾದವಲ್ಲ. ಯಂತ್ರ ಕೊಳ್ಳಲಿ, ಮೋಸಹೋಗದಿರಲಿ. ವಿದ್ಯಾರ್ಥಿಗಳೇ ಪರೀಕ್ಷಕರಾಗಲಿ. ಏಪ್ರಿಲ್ ತಿಂಗಳ ಮಧ್ಯಾಹ್ನ ಯಂತ್ರಕ್ಕೆ ಅರ್ಧ ಗಂಟೆ ಪೂರ್ಣ ಕೆಲಸ ಕೊಟ್ಟು, ದೀಪ ಉರಿಸಿ ಒಮ್ಮೆ, ಆರಿಸಿ ಒಮ್ಮೆ ಪ್ರೊಸೆಸರಿನ ಉಷ್ಣತೆ ಅಳೆಯಲಿ; ಪ್ರತಿ ಸಲವೂ ಕೋಣೆಯ ಉಷ್ಣತೆಯನ್ನು ಅದರಿಂದ ಕಳೆಯಲಿ. ಬಳಿಕ ಯಂತ್ರ ನಿಲ್ಲಿಸಿ, ರೆಕ್ಕೆಗಳ ಧೂಳನ್ನು ಮೆತ್ತನೆಯ ಕುಂಚದಿಂದ ತೆಗೆದು ಮತ್ತೊಮ್ಮೆ ಅಳೆಯಲಿ. ಶಾಖ ತಗ್ಗಿಸುವುದು ದೀಪವೋ ಕುಂಚವೋ ಎಂಬುದನ್ನು ಅಂಕಿಗಳೇ ಹೇಳುತ್ತವೆ. ಆ ಅಂಕಿಗಳನ್ನು ಹಿಡಿದು ಅಂಗಡಿಗೆ ಹೋಗುವ ಹುಡುಗನನ್ನಾಗಲಿ ಹುಡುಗಿಯನ್ನಾಗಲಿ ಯಾವ ಬಣ್ಣವೂ ಮರುಳು ಮಾಡಲಾರದು.