ಮಾತ್ರೆ ಮಾರುವವರೇ ಮಾತ್ರೆ ತಪಾಸಣೆ ಮಾಡಬಾರದು

ಹಿರಿಯರ ಆರೈಕೆ ಕೇಂದ್ರಕ್ಕೆ ಒಬ್ಬ ಫಾರ್ಮಾಸಿಸ್ಟ್ ಬಂದು ಹೋದರೆ ಸಾಲದು. ಅವರ ಸಂಬಳ ಯಾರ ಕೈಯಿಂದ ಬರುತ್ತದೆ ಎಂಬುದೂ ಅಷ್ಟೇ ಮುಖ್ಯ. ಇದನ್ನು ಕಡೆಗಣಿಸಿದ ಅಮೆರಿಕದಲ್ಲಿ ಏನಾಯಿತೆಂದು ನಾವು ನೋಡಬೇಕು.

ಅಲ್ಲಿನ ನಿಯಮವೇನೋ ಕಟ್ಟುನಿಟ್ಟಾಗಿಯೇ ಇದೆ. ನರ್ಸಿಂಗ್ ಹೋಮಿನ ಪ್ರತಿಯೊಬ್ಬ ನಿವಾಸಿಯ ಔಷಧಿಗಳನ್ನೂ ಪರವಾನಗಿ ಪಡೆದ ಫಾರ್ಮಾಸಿಸ್ಟ್ ತಿಂಗಳಿಗೊಮ್ಮೆಯಾದರೂ ಪರಿಶೀಲಿಸಬೇಕು. ಲೋಪ ಕಂಡರೆ ವೈದ್ಯರಿಗೆ ಬರೆದು ತಿಳಿಸಬೇಕು. ವೈದ್ಯರು ಒಪ್ಪದಿದ್ದರೆ ಕಾರಣ ದಾಖಲಿಸಬೇಕು. ಆದರೆ ಎಷ್ಟೋ ಕಡೆ ಆ ಫಾರ್ಮಾಸಿಸ್ಟ್, ಅದೇ ನರ್ಸಿಂಗ್ ಹೋಮಿಗೆ ಔಷಧಿ ಪೂರೈಸುವ ಕಂಪನಿಯ ನೌಕರ.

ಮರೆವಿನ ಕಾಯಿಲೆಯ ವೃದ್ಧರಿಗೆ ರಿಸ್ಪೆರಿಡಾನ್‌ನಂಥ ಮನೋರೋಗದ ಔಷಧಿ ಕೊಟ್ಟರೆ ಸಾವಿನ ಅಪಾಯ ಹೆಚ್ಚುತ್ತದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲಿ ಎಚ್ಚರಿಸಿತು. ಅದೇ ಔಷಧಿಯನ್ನು ಶಿಫಾರಸು ಮಾಡಲು ತಯಾರಕ ಸಂಸ್ಥೆ ಜಾನ್ಸನ್ ಅಂಡ್ ಜಾನ್ಸನ್‌ನಿಂದ ಹಣ ಪಡೆದ ಆರೋಪ, ನರ್ಸಿಂಗ್ ಹೋಮುಗಳಿಗೆ ಔಷಧಿ ಪೂರೈಸುವ ದೈತ್ಯ ಕಂಪನಿ ಆಮ್ನಿಕೇರ್ ಮೇಲೆ ಬಂತು. ಇದೂ ಸೇರಿದಂತೆ ಹಲವು ಆರೋಪಗಳ ಇತ್ಯರ್ಥಕ್ಕೆ ಆಮ್ನಿಕೇರ್ 2009ರಲ್ಲಿ 9.8 ಕೋಟಿ ಡಾಲರ್ ತೆರಲು ಒಪ್ಪಿತು. 2013ರಲ್ಲಿ ಜಾನ್ಸನ್ ಅಂಡ್ ಜಾನ್ಸನ್ ಒಪ್ಪಿದ ಭಾರಿ ಮೊತ್ತದಲ್ಲಿ 14.9 ಕೋಟಿ ಡಾಲರ್ ಈ ಲಂಚದ ಆರೋಪಕ್ಕೇ ಸಂಬಂಧಿಸಿದ್ದು. ಕಾವಲಿಗೆ ನಿಂತವರೇ ಕಂಪನಿಯ ಮಾರಾಟಗಾರರಾದರೆ, ಹಾಸಿಗೆ ಹಿಡಿದ ಅಜ್ಜ-ಅಜ್ಜಿಯರ ಪರವಾಗಿ ಮಾತಾಡುವವರು ಯಾರು?

ಫಾರ್ಮಾಸಿಸ್ಟ್ ಸ್ವತಂತ್ರರಾಗಿರಬೇಕೆಂಬ ಪ್ರಸ್ತಾವವನ್ನು ಅಲ್ಲಿನ ಹಿರಿಯರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ನ ಆಡಳಿತ 2011ರಲ್ಲಿ ಮುಂದಿಟ್ಟು, 2012ರಲ್ಲಿ ಕೈಬಿಟ್ಟಿತು. ಖರ್ಚು ಹೆಚ್ಚುತ್ತದೆ, ಹೊರಗಿನವರಿಗೆ ದಾಖಲೆ ಸಿಗುವುದಿಲ್ಲ ಎಂಬ ಆಕ್ಷೇಪಗಳಿದ್ದವು. ದಾಖಲೆ ಒದಗಿಸುವಂತೆ ಕಾನೂನಿನಲ್ಲೇ ಬರೆಯಬಹುದು. ಖರ್ಚಿನ ಮಾತು ಬಂದರೆ, ಬೇಡದ ನಿದ್ದೆ ಮಾತ್ರೆಯಿಂದ ಬಿದ್ದು ಸೊಂಟ ಮುರಿದುಕೊಂಡವರ ಆಸ್ಪತ್ರೆ ಬಿಲ್ಲನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನಮ್ಮಲ್ಲಿ ಹೆತ್ತವರು ಮತ್ತು ಹಿರಿಯ ನಾಗರಿಕರಿಗಾಗಿ 2007ರಲ್ಲಿ ಬಂದ ಕಾಯ್ದೆ ವೃದ್ಧಾಶ್ರಮಗಳ ಬಗ್ಗೆ ಹೇಳುತ್ತದೆ. ತಿಂಗಳ ಔಷಧ ಪರಿಶೀಲನೆಯ ಮಾತು ಅದರಲ್ಲಿಲ್ಲ. ತಜ್ಞರಿಲ್ಲ ಎಂಬ ನೆಪ ಇಲ್ಲಿ ನಡೆಯದು. ಆಸ್ಪತ್ರೆಯ ವಾರ್ಡಿನಲ್ಲೇ ಫಾರ್ಮಾಸಿಸ್ಟರನ್ನು ತರಬೇತುಗೊಳಿಸುವ ಪದ್ಧತಿ ಮೈಸೂರಿನ ಜೆಎಸ್ಎಸ್ ಕಾಲೇಜಿನಲ್ಲಿ 1990ರ ದಶಕದಲ್ಲೇ ಆರಂಭವಾಯಿತು. ಆರು ವರ್ಷದ ಫಾರ್ಮ್.ಡಿ. ಕೋರ್ಸ್ ದೇಶದಲ್ಲಿ 2008ರಿಂದ ಇದೆ. ಅಲ್ಲಿ ಕಲಿತವರಿಗೆ ಈ ಕೆಲಸ ಕೊಡಬೇಕು.

ರಾಜ್ಯ ಸರ್ಕಾರ ಮೂರು ಷರತ್ತುಗಳ ನಿಯಮ ತರಲಿ: ಪ್ರತಿ ನಿವಾಸಿಯ ಔಷಧಿಗಳ ಮಾಸಿಕ ಪರಿಶೀಲನೆ, ಔಷಧಿ ಪೂರೈಸುವವರೊಂದಿಗೆ ಪರಿಶೀಲಕರಿಗೆ ಹಣದ ನಂಟು ಇರಕೂಡದು, ವರದಿಯ ಪ್ರತಿ ಮನೆಯವರ ಕೈಗೆ ಸಿಗಬೇಕು. ಸಣ್ಣ ಆಶ್ರಮಗಳು ನಾಲ್ಕಾರು ಸೇರಿ ಒಬ್ಬರನ್ನು ನೇಮಿಸಿಕೊಳ್ಳಬಹುದು.

ನಿಯಮ ಬರುವತನಕ ಕಾಯಬೇಡಿ. ಹೆತ್ತವರನ್ನು ಆರೈಕೆ ಕೇಂದ್ರದಲ್ಲಿ ಬಿಟ್ಟಿರುವವರು ಈ ವಾರವೇ ಕೇಳಿ: ನಮ್ಮ ತಂದೆ-ತಾಯಿಯ ಮಾತ್ರೆಗಳನ್ನು ಕಡೆಯ ಬಾರಿ ಪರಿಶೀಲಿಸಿದವರು ಯಾರು? ಅವರಿಗೆ ಸಂಬಳ ಕೊಡುವವರು ಯಾರು?